ನಾಲ್ಕು ಪೇಪರು, ಒಂದು ಪ್ರಬಂಧ

ಸನ್ಮಾನಕ್ಕೆ ಹೆಸರು ಕೂಗಿದಾಗ ವೀರಭದ್ರ ಕೋಟಿನ ಒಳಜೇಬು ಮುಟ್ಟಿ ನೋಡಿಕೊಂಡು ವೇದಿಕೆ ಹತ್ತಿದ. ಲಂಡನ್ನಿನ ಗ್ರೀನ್‌ಫರ್ಡಿನ ಶಾಲೆಯೊಂದರ ಸಭಾಂಗಣ, ೨೦೦೩ರ ರಾಜ್ಯೋತ್ಸವ. ಮೈಕು ಹಿಡಿದು ನಿಂತವನು ಅವನ ಕಾಕಾ ಶೇಖರಪ್ಪ. ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಈ ಮನುಷ್ಯನಿಗೆ ಯುರೋಪಿಯನ್ ಕಾನೂನಿನ ಎಲ್‌ಎಲ್.ಎಂ. ಎಂದರೆ ಏನೇನು ಎಂಬುದು ಬಾಯಿಪಾಠ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಅದನ್ನು ಹೇಳದೆ ಬಿಡುತ್ತಿರಲಿಲ್ಲ.

“ನಾಕು ಪೇಪರ್ ಇರ್ತಾವ್ರೀ. ಇಯು ಲಾ, ಕಾಂಪಿಟಿಷನ್ ಲಾ, ಹ್ಯೂಮನ್ ರೈಟ್ಸು, ಇನ್ನೊಂದು ಟ್ರೇಡಿಂದು. ಅಷ್ಟಕ್ಕ ಮುಗೀಲಿಲ್ಲ ಮತ್ತ! ಬ್ಯಾಸಗ್ಯಾಗ ಹದಿನೈದು ಸಾವಿರ ಪದದ್ದು ಪ್ರಬಂಧ. ಅದನ್ನ ಬರದ್ರಷ್ಟ ಎಲ್‌ಎಲ್.ಎಂ. ಇಲ್ಲಾಂದ್ರ ಡಿಪ್ಲೊಮಾ ಕೊಟ್ಟು ಕಳಸ್ತಾರ. ನಮ್ಮ ವೀರಭದ್ರ ಬರದಾನ!”

ಚಪ್ಪಾಳೆ ಬಿತ್ತು. ಡಿಪ್ಲೊಮಾ ಮಾತ್ರ ಎಂದು ತಿಳಿಸಿದ ವಿಶ್ವವಿದ್ಯಾಲಯದ ಪತ್ರ ಎರಡು ದಿನದಿಂದ ವೀರಭದ್ರನ ಕೋಟಿನ ಒಳಜೇಬಿನಲ್ಲೇ ಇತ್ತು.

ಪ್ರಬಂಧ ಬರೆಯಲೆಂದು ಕಾಕಾ ತಮಗಿದ್ದ ಒಂದೇ ಮಲಗುವ ಕೋಣೆಯನ್ನು ಅವನಿಗೆ ಬಿಟ್ಟುಕೊಟ್ಟಿದ್ದ. ಕಾಕಾನ ಹೆಂಡತಿ, ಕಾಕು ಚನ್ನಬಸವ್ವ, ಜೂನಿನಿಂದ ಸೆಪ್ಟೆಂಬರಿನವರೆಗೆ ಟೀವಿಯ ದನಿ ಪೂರ್ತಿ ಅಡಗಿಸಿ, ಧಾರಾವಾಹಿಯವರ ಮುಖ ನೋಡಿಯೇ ಅತ್ತಿದ್ದಳು. ಒಳಗೆ ವೀರಭದ್ರ ಮೊದಲ ಪುಟವನ್ನೇ ಬರೆದು ಹರಿಯುತ್ತಿದ್ದ. ಪರೀಕ್ಷೆಗೆ ಅವನು ಹೆದರುವವನಲ್ಲ. ಆದರೆ ಇಲ್ಲಿ ಪ್ರಶ್ನೆಯನ್ನೂ ತಾನೇ ಹುಡುಕಿಕೊಳ್ಳಬೇಕಿತ್ತು. ಧಾರವಾಡದ ಕಾಲೇಜಿನಲ್ಲಿ ಯಾರೂ ಅವನನ್ನು ನಿನಗೇನನಿಸುತ್ತದೆ ಎಂದು ಕೇಳಿರಲಿಲ್ಲ. ಪ್ರಬಂಧ ಒಪ್ಪಿಸುವ ಕೊನೆಯ ದಿನ ಖಾಲಿ ಚೀಲ ಹೆಗಲಿಗೇರಿಸಿಕೊಂಡು ಹೋಗಿ, ಪಾರ್ಕಿನಲ್ಲಿ ಸಂಜೆಯವರೆಗೆ ಕೂತು ಬಂದು, “ಕೊಟ್ಟುಬಂದೆ” ಅಂದಿದ್ದ. ಕಾಕು ಹೋಳಿಗೆ ಮಾಡಿದ್ದಳು. ನಾಚಿಕೆಗೆಟ್ಟವನು ಎರಡು ತಿಂದಿದ್ದ.

ಕಾಕಾ ಮೈಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಶಾಲು ಬಿಡಿಸಿದ. “ತಲಿ ಬಗ್ಗಸು.”

ತಲೆ ಬಗ್ಗಿಸಿದ ವೀರಭದ್ರನಿಗೆ ಕಾಕಾನ ಪಾಲಿಶ್ ಮಾಡಿದ ಬೂಟು ಕಂಡವು. ಇನ್ನು ತಡೆಯಲಾಗಲಿಲ್ಲ. ಕಿವಿಯಲ್ಲಷ್ಟೇ ಹೇಳಬೇಕೆಂದು ಬಾಗಿದ.

“ಕಾಕಾ, ನಾ ಬರದಿಲ್ಲ. ನಂದು ಡಿಪ್ಲೊಮಾ.”

ಕಂಕುಳಿನ ಮೈಕು ಅದನ್ನು ಹಿಂದಿನ ಸಾಲಿನವರೆಗೂ ಮುಟ್ಟಿಸಿತು. ಯಾರೋ ಕೆಮ್ಮಿದರು. ಶಾಲು ಹಿಡಿದ ಕೈ ಅಲ್ಲೇ ನಿಂತಿತು. ಆಮೇಲೆ ಕಾಕಾ ಅದನ್ನು ಮೆಲ್ಲಗೆ ಮಡಚತೊಡಗಿದ, ಅಂಚಿಗೆ ಅಂಚು ಕೂಡಿಸಿ.

“ಇಳಿ. ಮಂದಿ ನೋಡಾಕತ್ತಾರ.”

ಮನೆಗೆ ಮರಳುವ ಬಸ್ಸಿನಲ್ಲಿ ಕಾಕಾನ ಪಕ್ಕ ಒಬ್ಬ ಮುದುಕ ಬಂದು ಕೂತು, ಭಾರೀ ಚಳಿ ಎಂದ. ಕಾಕಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. ವೀರಭದ್ರನಿಗೆ ಅಲ್ಲೇ ಇಳಿದು ಓಡಿಹೋಗಬೇಕೆನಿಸಿತು.

ಮನೆಯಲ್ಲೂ ಯಾರೂ ಬೈಯಲಿಲ್ಲ. ಕಾಕು ಟೀವಿ ಹಚ್ಚಿ ಅಡುಗೆಗೆ ಹೋದಳು. ತನ್ನ ಸಾಮಾನು ತೆಗೆದು ಕೋಣೆಯನ್ನು ಬಿಟ್ಟುಕೊಡೋಣವೆಂದು ವೀರಭದ್ರ ಒಳಗೆ ಹೋದ. ಮೇಜಿನ ಮೇಲಿದ್ದ ಪುಸ್ತಕ ಎತ್ತಲಾಗದೆ ಕುರ್ಚಿಯಲ್ಲಿ ಕುಳಿತ. ಕುರ್ಚಿ ಕಿರುಗುಟ್ಟಿತು.

ಆಚೆ ಧಾರಾವಾಹಿಯ ಮಾತು ಅರ್ಧಕ್ಕೇ ನಿಂತಿತು. ಬಾಗಿಲ ಸಂದಿಯಿಂದ ನೋಡಿದ. ಪರದೆಯ ಮೇಲೆ ಬೇಸಗೆಯಲ್ಲಿದ್ದಂತೆಯೇ ದನಿಯಿಲ್ಲದ ಮುಖಗಳು; ರಿಮೋಟು ಕಾಕಾನ ಕೈಯಲ್ಲಿತ್ತು.