ಬಾಸ್ ಗಿಟಾರಿನ ಬೆನ್ನ ಮೇಲಿನ ಸಹಿ

ಕಾಸಿಂ ಖಲಾಸಿಯಾಗಿದ್ದ ಹಡಗು ಅರವತ್ತಮೂರರ ಮಳೆಗಾಲದಲ್ಲಿ ಮುಳುಗಿತು. ಹೆಣ ಸಿಗಲಿಲ್ಲ. ಬಂದರಿನಲ್ಲಿ ಒಣಮೀನಿನ ಅಂಗಡಿಯಿದ್ದ ಅಣ್ಣ ಯೂಸುಫ್, ಕಂಡ ಕಂಡ ನಾವಿಕರನ್ನೆಲ್ಲ ಕೇಳಿ ಸೋತಿದ್ದ. ತಾಯಿ ಪಾತುಮ್ಮ ಮಾತ್ರ ಮಗ ಬದುಕಿದ್ದಾನೆಂದೇ ನಂಬಿದ್ದರು.

ಮೂರು ವರ್ಷ ಕಳೆದ ಮೇಲೆ ಯೂಸುಫ್ ಹೋಗಿದ್ದ ಕೊಡಿಯಾಲ್‌ಬೈಲಿನ ಒಂದು ಮದುವೆಯಲ್ಲಿ, ಬ್ಯಾಂಡಿನ ಚಿತ್ತರಂಜನ ತನ್ನ ಬಾಸ್ ಗಿಟಾರನ್ನು ಗೋಡೆಗೆ ಒರಗಿಸಿಟ್ಟ. ಅದರ ಬೆನ್ನ ಮೇಲೆ ಕಪ್ಪು ಬಣ್ಣದಲ್ಲಿ ‘ಕಾಸಿಂ’ ಎಂದಿತ್ತು. ಸೊನ್ನೆಯಿಂದ ಹೊರಟ ಗೆರೆ ಹಿಂದಕ್ಕೆ ಬಾಗಿ ಹೆಸರಿನಡಿ ದೋಣಿಯಂತೆ ನಿಂತಿತ್ತು. ತಮ್ಮನದೇ ಸಹಿ! ಯೂಸುಫ್ ಜನರನ್ನು ಸರಿಸಿ ಮುಂದೆ ಬಂದ.

“ಇದೆಲ್ಲಿಂದ ಬಂತು ಮಾರಾಯ್ರೇ?”

“ಬಾಂಬೆಯಲ್ಲಿ ಹಳೇದು ತಗೊಂಡದ್ದು. ಮತ್ತೆ ಒಡೆಯಿತು. ಅತ್ತಾವರದ ದುಗ್ಗಪ್ಪಾಚಾರಿ ಸರಿ ಮಾಡಿಕೊಟ್ರು,” ಎಂದ ಚಿತ್ತರಂಜನ, ಮುಂದಿನ ಹಾಡಿಗೆ ಓಡಿದ.

ಮರುದಿನ ಬೆಳಿಗ್ಗೆಯೇ ಯೂಸುಫ್ ಅತ್ತಾವರದಲ್ಲಿದ್ದ.

“ಕುತ್ತಿಗೆ, ತಂತಿ, ಕರೆಂಟಿನ ಭಾಗ ಎಲ್ಲ ಹಳೇದೇ,” ಎಂದರು ದುಗ್ಗಪ್ಪಾಚಾರಿ. “ಒಡಲು ಮಾತ್ರ ನಾನು ಹೋದ ವರ್ಷ ಹಲಸಿನ ಮರದಲ್ಲಿ ಹೊಸತು ಮಾಡಿದ್ದು.”

ಹೋದ ವರ್ಷ! ಹಾಗಾದರೆ ಆ ಹೊಸ ಮರದ ಮೇಲೆ ಕಾಸಿಂ ಸಹಿ ಹಾಕಿದ್ದು ಹಡಗು ಮುಳುಗಿದ ಮೇಲೆಯೇ! ಯೂಸುಫ್ ಮನೆಗೆ ಓಡಿದ. “ಉಮ್ಮಾ, ಕಾಸಿಂ ಇದ್ದಾನೆ!” ಪಾತುಮ್ಮ ಬಾಗಿಲಲ್ಲೇ ಕುಸಿದು ಕುಳಿತು, ಅಳುತ್ತ ನಕ್ಕರು.

ಅದೇ ಓಟದಲ್ಲಿ ಯೂಸುಫ್ ಚಿತ್ತರಂಜನನ ಮನೆ ಹುಡುಕಿಕೊಂಡು ಹೋಗಿ ಅವನ ಎರಡೂ ಕೈ ಹಿಡಿದುಕೊಂಡ. “ಸಹಿ ಹಾಕಿದವ ಎಲ್ಲಿದ್ದಾನೆ? ಹೇಳಿ, ನಿಮ್ಮ ಕಾಲು ಹಿಡೀತೇನೆ.”

ಚಿತ್ತರಂಜನ ತಬ್ಬಿಬ್ಬಾದ. “ಸಹಿ ನಾನೇ ಬರೆದದ್ದು. ಹಳೇ ಒಡಲಿನ ಮೇಲೆ ಇತ್ತು. ಚೆಂದ ಕಂಡಿತು, ಕಾಗದ ಇಟ್ಟು ಅಚ್ಚು ತೆಗೆದು ಹೊಸತರ ಮೇಲೆ ಇಳಿಸಿದೆ.”

“ಹಳೇದನ್ನು ನಿಮಗೆ ಯಾರು ಕೊಟ್ಟದ್ದು?”

“ಆ ಸಹಿಯವರೇ. ಹೊಸ ಹಡಗು ಹತ್ತುತ್ತೇನೆ, ಇದಕ್ಕೆ ಅಲ್ಲಿ ಜಾಗ ಇಲ್ಲ ಅಂದಿದ್ರು. ಅರವತ್ತೆರಡರಲ್ಲಿ.”

“ಆ ಹಳೇ ಮರ?”

“ಆಚಾರಿಯವರ ಒಲೆಗೆ ಹೋಯಿತು.”

ಯೂಸುಫ್ ಬಂದರಿನ ಮನೆಯವರೆಗೂ ನಡೆದೇ ಬಂದ. ಒಳಗೆ ಕಾಸಿಂನ ಮೆಚ್ಚಿನ ಮೀನಿನ ಸಾರಿನ ಪರಿಮಳ. ಪಾತುಮ್ಮ ನೆರೆಯವರಿಗೆಲ್ಲ ಸುದ್ದಿ ಹೇಳಿಯಾಗಿತ್ತು.

“ಎಲ್ಲಿದ್ದಾನಂತೆ?”

ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಆದರೂ ಯೂಸುಫ್ ಎಲ್ಲವನ್ನೂ ಹೇಳಿದ. ಪಾತುಮ್ಮ ಅಳಲಿಲ್ಲ. ಒಲೆಯ ಬೆಂಕಿಗೆ ನೀರು ಸುರಿದು, ಮಗನತ್ತ ತಿರುಗಿದರು.

“ನೀನು ಆ ಮದುವೆಗೆ ಹೋಗ್ಲೇಬಾರದಿತ್ತು, ಮಗಾ.”