ಬೆರಳಿಟ್ಟು ತೋರಿಸಿದ ರಫು

ಹಳೆ ರೇಷ್ಮೆ ಸೀರೆ ಕೈಗೆ ಬಂದ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸ, ಅದನ್ನು ಬಾಗಿಲಿಗೆ ಅಡ್ಡ ಹಿಡಿದು ಬೆಳಕಿಗೆ ನೋಡುವುದು. ಅಲ್ಲಿಯವರೆಗೆ ಕಣ್ಣಿಗೆ ಬೀಳದ ತೂತುಗಳೆಲ್ಲ ಆಗ ಚುಕ್ಕಿ ಚುಕ್ಕಿಯಾಗಿ ಹೊಳೆಯುತ್ತಿದ್ದವು. ಎಲ್ಲೆಲ್ಲಿವೆ, ರಫು ಹಾಕಿದರೆ ಮುಚ್ಚುತ್ತವೋ ಇಲ್ಲವೋ ಎಂದು ಮನಸ್ಸಿನಲ್ಲೇ ತೂಗಿ ನೋಡಿ, ಆಮೇಲೆ ಮುಖ ಸಿಂಡರಿಸಿ, ಇದರಲ್ಲಿ ಏನೂ ಉಳಿದಿಲ್ಲಮ್ಮ ಎನ್ನುತ್ತಿದ್ದೆ. ಮುಖ ಸಿಂಡರಿಸುವುದೂ ನಮ್ಮ ಕಸುಬಿನಲ್ಲಿ ಸೇರಿದ್ದೇ. ಚೆನ್ನಾಗಿದೆ ಎಂದು ಬಾಯಿಬಿಟ್ಟರೆ ಯಾರು ಕೊಡುತ್ತಾರೆ?

ಪೇಟೆ ಬೀದಿಯಲ್ಲಿ ಇಬ್ಬರು ಕೂತರೆ ಮೂರನೆಯವರು ಹೊರಗೆ ನಿಲ್ಲಬೇಕಾದಷ್ಟು ಸಣ್ಣ ಅಂಗಡಿ ನನ್ನದು. ಗಂಡ ತೀರಿಕೊಂಡ ಮೇಲೆ ಹಾಕಿಕೊಂಡದ್ದು. ಹಳೆ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸರು ತಮ್ಮ ಗಂಟಿನಲ್ಲಿ ರೇಷ್ಮೆ ಸಿಕ್ಕಿದರೆ ನನಗೆ ತಂದು ಕೊಡುತ್ತಿದ್ದರು. ಯಾರಾದರೂ ಮನೆ ಖಾಲಿ ಮಾಡುತ್ತಿದ್ದಾರೆಂದು ತಿಳಿದರೆ ನಾನೇ ಹೋಗಿ ಪೆಟ್ಟಿಗೆಗಳ ತಳ ತಡಕುತ್ತಿದ್ದೆ. ತಂದದ್ದನ್ನು ಒಗೆದು, ರಫು ಹಾಕಿ, ಇಸ್ತ್ರಿ ಮಾಡಿ ಮಾರುವುದು. ರಫು ಎಂದರೆ ತೇಪೆಯಲ್ಲ. ಸೀರೆಯ ಒಳತುದಿಯಿಂದಲೇ ಎಳೆ ಬಿಡಿಸಿಕೊಂಡು, ತೂತಿದ್ದ ಕಡೆ ಆ ಎಳೆಯಿಂದ ಬಟ್ಟೆಯನ್ನು ಮತ್ತೆ ನೇಯಬೇಕು. ಕೆಲಸ ಸರಿಯಾಗಿದ್ದರೆ ಅಲ್ಲೊಂದು ಕೆಲಸ ನಡೆದಿದೆ ಎಂದೇ ಗೊತ್ತಾಗಬಾರದು. ನನ್ನಷ್ಟು ಚೆನ್ನಾಗಿ ಹಾಕುವವರು ಸುತ್ತಮುತ್ತ ಇರಲಿಲ್ಲ. ಜಂಬ ಎನ್ನುತ್ತೀರೇನೋ. ಹೌದು, ಜಂಬವೇ. ಇಷ್ಟೆಲ್ಲ ಆದದ್ದು ಅದರಿಂದಲೇ.

ಸಾಕಮ್ಮ ನಮ್ಮ ಹಿಂದಿನ ಬೀದಿಯವಳು. ಗಂಡನಿಲ್ಲದೆ, ಹಪ್ಪಳ ಒತ್ತಿ ಮಗಳು ವನಜಳನ್ನು ದೊಡ್ಡವಳನ್ನಾಗಿ ಮಾಡಿದ್ದಳು. ಒಂದು ಮಧ್ಯಾಹ್ನ ಅಂಗಡಿಗೆ ಬಂದು ಮಗಳ ಮದುವೆ ಗೊತ್ತಾಗಿದೆ ಎಂದಳು. ಸಂತೋಷದ ಸುದ್ದಿ ಹೇಳುವ ಮುಖ ಅದಾಗಿರಲಿಲ್ಲ. ಅವರಲ್ಲಿ ಹುಡುಗಿಯ ಸೋದರಮಾವ ಸೀರೆ ತರಬೇಕು, ಹುಡುಗಿ ಅದನ್ನುಟ್ಟೇ ಹಸೆಗೆ ಬರಬೇಕು. ಅಪ್ಪನ ಜಮೀನಿನಲ್ಲಿ ಪಾಲು ಕೇಳಿದ್ದಕ್ಕೆ ಸಾಕಮ್ಮನ ಅಣ್ಣ ಅವಳ ಮುಖಕ್ಕೆ ಬಾಗಿಲು ಹಾಕಿ ಆಗಲೇ ಎಷ್ಟೋ ವರ್ಷವಾಗಿತ್ತು. ಮದುವೆಗೆ ಕರೆಯಲು ಹೋದಾಗ ಅಂಗಳದಿಂದಲೇ ತಿರುಗಿ ಕಳಿಸಿದ್ದ. ಗಂಡಿನ ಕಡೆಯವರು ಬೇರೆ ಊರಿನವರು, ಅವರಿಗೆ ಇದ್ಯಾವುದೂ ಗೊತ್ತಿರಲಿಲ್ಲ.

"ತವರಿಲ್ಲದವಳ ಮಗಳು ಅಂತ ಗೊತ್ತಾದ್ರೆ ಆ ಮನೇಲಿ ಅವಳನ್ನ ಯಾರೂ ಲೆಕ್ಕಕ್ಕಿಡಲ್ಲ ಅಕ್ಕ," ಎಂದಳು. "ಏನು ಮಾಡಿದ್ರೂ ಕೇಳೋರಿಲ್ಲ ಅಂತ ಧೈರ್ಯ ಬಂದುಬಿಡುತ್ತೆ. ಹೊಸದರ ಹಾಗಿರೋ ಒಂದು ಸೀರೆ ಕೊಡಿ. ಅಣ್ಣನಿಗೆ ಹುಷಾರಿಲ್ಲ ಅಂತೀನಿ. ನೀವು ನಮ್ಮತ್ತಿಗೆಯ ಅಕ್ಕ ಅಂತ ಹೇಳ್ಕೊಂಡು ತಟ್ಟೆ ಹಿಡ್ಕೊಂಡು ಬನ್ನಿ. ನನಗೆ ತವರು ಅಂತ ನೀವೇ ನಿಂತ್ಕೊಳ್ಳಿ."

ನನ್ನ ಕಣ್ಣು ತುಂಬಿ ಬಂತು. ಆಗಲಿ ಎಂದೆ. ಕೆಲವೇ ದಿನದ ಹಿಂದೆ ಒಂದು ಮನೆಯ ಮರದ ಪೆಟ್ಟಿಗೆಯ ತಳದಲ್ಲಿ ನನಗೊಂದು ದಾಳಿಂಬೆ ಬಣ್ಣದ ಸೀರೆ ಸಿಕ್ಕಿತ್ತು. ಅಂಥ ಜರಿ ನಾನು ಮತ್ತೆಲ್ಲೂ ನೋಡಿರಲಿಲ್ಲ. ಆದರೆ ಸೆರಗಿನ ಪಕ್ಕದಲ್ಲೇ ಇಲಿ ಅಂಗೈ ಅಗಲ ಕಡಿದು ಹಾಕಿತ್ತು. ಬೇರೆ ಯಾರಿಗೇ ಆದರೂ ಆಗುವುದಿಲ್ಲ ಎನ್ನುತ್ತಿದ್ದೆ. ಸಾಕಮ್ಮನಿಗಾಗಿ ಹನ್ನೊಂದು ದಿನ ಬೆನ್ನು ಬಗ್ಗಿಸಿ ಕೂತೆ. ಮುಗಿದ ದಿನ ಬಾಗಿಲಿಗೆ ಹಿಡಿದು ನೋಡಿದರೆ ಒಂದು ಚುಕ್ಕಿ ಬೆಳಕೂ ಬರಲಿಲ್ಲ. ಎಲ್ಲಿ ಹಾಕಿದ್ದೆನೆಂದು ಹುಡುಕಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು. ಆ ಸೀರೆಯನ್ನು ಉಡುಗೊರೆಯಾಗಿಯೇ ಕೊಟ್ಟೆ.

ಮದುವೆಯ ದಿನ ತಟ್ಟೆ ಹಿಡಿದು ಮುಂದೆ ನಡೆದೆ. ಧಾರೆಯಾಯಿತು, ತಾಳಿಯೂ ಆಯಿತು. ಹೆಂಗಸರೆಲ್ಲ ಹುಡುಗಿಯ ಸುತ್ತ ಕೂತಿದ್ದಾಗ ಗಂಡಿನ ದೊಡ್ಡಮ್ಮ ಪುಟ್ಟಗೌರಮ್ಮ ವನಜಳ ಸೆರಗನ್ನು ಬೆರಳಲ್ಲಿ ಹಿಡಿದು, ಇಂಥ ನೇಯ್ಗೆ ಈಗೆಲ್ಲಿ ಸಿಗುತ್ತದೆ, ಎಲ್ಲಿ ತಂದರು ಎಂದು ಕೇಳಿದರು. ಸಾಕಮ್ಮ ಹಿಗ್ಗಿದಳು. ಅಣ್ಣನಿಗೆ ನೇಕಾರರ ಪರಿಚಯವಿದೆ, ಸೋದರಸೊಸೆಗೆಂದೇ ಹೇಳಿ ನೇಯಿಸಿದ್ದು ಎಂದಳು. ಎಂಥ ಅಣ್ಣ, ಎಂಥ ತವರು ಎಂದು ಎಲ್ಲರೂ ಹೊಗಳಿದರು. ಆ ನೇಕಾರನ ಕೈಗೆ ಚಿನ್ನದ ಕಡಗ ಹಾಕಬೇಕು ಎಂದು ಒಬ್ಬಳು ಅಂದಳು.

ನನಗೆ ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ, ನಿಜವಾಗಿ ಉರಿಯಿತು. ಇಲ್ಲದ ನೇಕಾರನಿಗೆ ಕಡಗ, ಬಾಗಿಲು ಹಾಕಿಕೊಂಡ ಅಣ್ಣನಿಗೆ ಹೊಗಳಿಕೆ, ಹನ್ನೊಂದು ದಿನ ಕಣ್ಣು ಕಳೆದುಕೊಂಡವಳು ತಟ್ಟೆ ಹಿಡಿಯುವುದಕ್ಕೆ. ಈ ಹಾಳು ಬಾಯಿ ಸುಮ್ಮನಿರಬೇಕಲ್ಲ.

"ಇದರಲ್ಲಿ ಅಂಗೈ ಅಗಲ ಒಂದು ತೂತಿತ್ತು," ಎಂದೆ ನಗುತ್ತಾ. "ಎಲ್ಲಿ ಅಂತ ಹುಡುಕಿ ನೋಡೋಣ."

ಪುಟ್ಟಗೌರಮ್ಮ ತಮಾಷೆ ಎಂದುಕೊಂಡು ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು. ಸಿಗಲಿಲ್ಲ. ಪಕ್ಕದವಳೂ ನೋಡಿದಳು. ಅವಳಿಗೂ ಸಿಗಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಮಾತು ನಗೆಯಲ್ಲಿ ಮುಗಿದುಹೋಗುತ್ತಿತ್ತು. ಸಾಕಮ್ಮ ನನ್ನನ್ನೇ ನೋಡುತ್ತಿದ್ದಳು. ಅದು ನನಗೆ ಕಾಣಿಸಿತು. ಕಾಣಿಸಿದರೂ ಮುಂದೆ ಬಗ್ಗಿ, ಇಗೋ ಇಲ್ಲಿ ಎಂದು ನಾನೇ ಬೆರಳಿಟ್ಟು ತೋರಿಸಿದೆ.

"ಹಾಗಾದ್ರೆ ಸೀರೆ ಹಳೇದೇ?" ಎಂದರು ಪುಟ್ಟಗೌರಮ್ಮ. "ಈ ಕೆಲಸ ನೀವು ಮಾಡಿದ್ದೇ? ನೀವು ಅತ್ತಿಗೆಯ ಅಕ್ಕ ಅಲ್ವೇ?"

ಸಾಕಮ್ಮ ಸೆರಗನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಮಗಳ ಹೆಗಲಿಗೆ ಹಾಕಿ, ಎಲೆ ಹಾಕಿದ್ದಾರೆ, ಊಟಕ್ಕೆ ಏಳಿ ಎಂದಳು. ಊಟ ಮುಗಿಯುವುದರೊಳಗೆ ಗಂಡಿನ ಕಡೆಯವರು ನಮ್ಮ ಬೀದಿಯವರನ್ನು ಕೇಳಿ, ಅಣ್ಣ ಬಾಗಿಲು ಹಾಕಿದ್ದೂ ಸೇರಿ ಎಲ್ಲವನ್ನೂ ತಿಳಿದುಕೊಂಡಿದ್ದರು. ತಾಳಿ ಕಟ್ಟಿಯಾಗಿತ್ತು, ಮದುವೆ ನಿಲ್ಲಲಿಲ್ಲ.

ಮಾರನೆಯ ದಿನ ಕ್ಷಮೆ ಕೇಳಲು ಹೋದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಮ್ಮಣ್ಣ ನನ್ನನ್ನ ಹೊರಗೆ ಹಾಕಿದ, ಯಾರೂ ಇಲ್ಲದಾಗ," ಎಂದಳು ಸಾಕಮ್ಮ. "ನೀವು ಮದುವೆ ಮನೇಲಿ ಹಾಕಿದ್ರಿ."

ಅವಳು ಹೆದರಿದ್ದೇ ಆಯಿತು. ಅತ್ತೆ ಮನೆಯಲ್ಲಿ ವನಜಳಿಗೆ ಹಳೇ ಸೀರೆಯವಳು ಎಂದೇ ಹೆಸರು ಬಿತ್ತು. ಹಬ್ಬಕ್ಕೆ ಕಳಿಸಲಿಲ್ಲ, ಚೊಚ್ಚಲ ಹೆರಿಗೆಗೂ ತಾಯಿಯ ಮನೆಗೆ ಕಳಿಸಲಿಲ್ಲ. ಬಂದು ಕೇಳುವ ಮಾವನಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಸಾಕಮ್ಮ ಬೀದಿಯಲ್ಲಿ ಸಿಕ್ಕರೆ ಚೆನ್ನಾಗಿದ್ದೀರಾ ಎಂದು ಕೇಳುತ್ತಿದ್ದಳು, ಅಷ್ಟೇ. ಅಕ್ಕ ಎಂದು ಮತ್ತೆ ಕರೆಯಲಿಲ್ಲ.

ಹದಿನಾಲ್ಕು ವರ್ಷದ ಮೇಲೆ ಅವಳು ತೀರಿಕೊಂಡಳು. ನಮ್ಮ ಕಡೆ ಹೆಣ್ಣು ಸತ್ತರೆ ಹೊದಿಸಲು ತವರಿನಿಂದ ಸೀರೆ ಬರಬೇಕು. ಅಣ್ಣ ಬರುವುದಿಲ್ಲವೆಂದು ಗೊತ್ತಿತ್ತು. ಜವಳಿ ಅಂಗಡಿಗೆ ಹೋಗಿ, ಮುಖ ಸಿಂಡರಿಸದೆ, ಅವರು ಹೇಳಿದ ಬೆಲೆ ಕೊಟ್ಟು ಹೊಸ ರೇಷ್ಮೆ ಸೀರೆ ತಂದೆ.

ಅಮ್ಮನ ಕೊನೆ ದಿನಗಳಿಗೆ ಬಂದಿದ್ದ ವನಜ ಬಾಗಿಲಲ್ಲಿ ನಿಂತಿದ್ದಳು. ನನ್ನ ಕೈಯಲ್ಲಿದ್ದ ಪೊಟ್ಟಣ ನೋಡಿದಳು.

"ಅಮ್ಮ ಹೇಳಿ ಹೋಗಿದ್ದಾರೆ," ಎಂದಳು. "ತವರಿಂದ ಅಂತ ಯಾರೇ ಸೀರೆ ತಂದ್ರೂ ತಗೋಬೇಡ, ನನಗೆ ತವರಿಲ್ಲ ಅನ್ನೋದು ಎಲ್ಲರಿಗೂ ಗೊತ್ತಿದೆ, ಅಂತ."

ದನಿಯಲ್ಲಿ ಸಿಟ್ಟಿರಲಿಲ್ಲ. ಬಿಸಿಲಿನಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ ಎಂದು ಚಾಪೆ ತೋರಿಸಿದಳು. ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ನೆರೆಹೊರೆಯವರ ನಡುವೆ ಕೂತೆ. ಸ್ವಲ್ಪ ಹೊತ್ತಿಗೆ ಸಾಕಮ್ಮನನ್ನು ಹೊರಗೆ ತಂದರು. ಅವಳು ಮನೆಯಲ್ಲಿ ದಿನಾ ಉಡುತ್ತಿದ್ದ ನೂಲಿನ ಸೀರೆಯನ್ನೇ ಹೊದಿಸಿದ್ದರು. ಎಲ್ಲರೂ ಎದ್ದು ನಿಂತರು. ನಾನೂ ಪೊಟ್ಟಣ ಹಿಡಿದುಕೊಂಡೇ ಎದ್ದು ನಿಂತೆ.