ಲಾರಿಗಳಿಗೆ ಮಾತ್ರ

ಗ್ಲೆನಿಸ್ ಲಾರಿಯ ಬ್ರೇಕ್ ಒತ್ತಿದಾಗ ಹಿಂದಿನ ಮೂರು ಟ್ರೇಲರುಗಳೂ ನಿಟ್ಟುಸಿರು ಬಿಟ್ಟು ನಿಂತವು. ಎದುರಿಗೆ, 'ಲಾರಿಗಳಿಗೆ ಮಾತ್ರ' ಎಂಬ ಫಲಕದ ಬುಡದಲ್ಲೇ, ಕಾರಿಗೆ ಸಿಕ್ಕಿಸಿದ ಮನೆಗಾಡಿ, ಬಿಳಿ ಕ್ಯಾರವಾನೊಂದು, ಪಟ್ಟೆಪಟ್ಟೆಯ ಚಪ್ಪರ ಬಿಚ್ಚಿಕೊಂಡು ಬೀಡುಬಿಟ್ಟಿತ್ತು. ಅದರಾಚೆ ಇನ್ನೆರಡು. ಮಡಿಸುವ ಕುರ್ಚಿಯಲ್ಲಿ ಕೂತು ಮುದುಕನೊಬ್ಬ ಸಾಸೇಜ್ ಸುಡುತ್ತಿದ್ದ.

ಮೌಂಟ್ ಐಸಾ ಊರು ದಾಟಿದ ಮೇಲೆ ರಸ್ತೆಬದಿಯ ಬಿಳಿ ಗೂಟಗಳು ಅವಳ ನಿದ್ದೆಗಣ್ಣಿಗೆ ಸಾಲಾಗಿ ನಿಂತ ಮಕ್ಕಳ ಹಾಗೆ ಕಾಣತೊಡಗಿದ್ದವು. ಹಾಗೆ ಕಂಡ ಮೇಲೆ ಲಾರಿ ಓಡಿಸಬಾರದು. ಹಾಗೆ ಕಂಡರೂ ಓಡಿಸಿದವನು ಅವಳ ಗಂಡ ಡಾರ್ಸಿ. ಆಗ ಇಲ್ಲಿ ಬರೀ ಕುರುಚಲು, ಕೆಂಪು ಧೂಳು. ಇಷ್ಟುದ್ದದ ಗಾಡಿ ನಿಲ್ಲಿಸಲು ಜಾಗವೇ ಇರಲಿಲ್ಲ. "ಇನ್ನೊಂಚೂರು ಅಷ್ಟೇ ಕಣೇ," ಎಂದು ಲಾರಿಯ ರೇಡಿಯೋದಲ್ಲಿ ಅವಳಿಗೆ ಹೇಳಿದ್ದ. ಗಾಡಿ ಉರುಳಿ ಅವನು ಸತ್ತ ಮೇಲೆ ಚಾಲಕರೆಲ್ಲ ಸೇರಿ ಮಂತ್ರಿಯ ಬೆನ್ನುಬಿಡದೆ ಕಾಡಿ, ಸರ್ಕಾರದ ಹಣದಲ್ಲಿ ಈ ತಂಗುದಾಣ ಮಾಡಿಸಿಕೊಂಡಿದ್ದರು.

ಅವಳು ಇಳಿದು ಹೋದಳು. "ಯಜಮಾನ್ರೇ, ಇದು ಲಾರಿ ಜಾಗ."

"ಖಾಲಿ ಇತ್ತಲ್ಲಮ್ಮ, ಹಾಕ್ಕೊಂಡ್ವಿ," ಎಂದ ಮುದುಕ, ಇಕ್ಕಳ ಆಡಿಸುತ್ತ. "ಎಷ್ಟು ಚೆನ್ನಾಗಿ ಡಾಂಬರು ಹಾಕವ್ರೆ ನೋಡು. ನಾವೂ ತೆರಿಗೆ ಕಟ್ಟಿದೀವಪ್ಪ."

"ಕಾರಿನೋರಿಗೆ ಪಕ್ಕದಲ್ಲೇ ಇದೆಯಲ್ಲ?"

"ಅಲ್ಲಿ ಬರೀ ಜಲ್ಲಿ. ಕುರ್ಚಿ ನಿಲ್ಲಲ್ಲ."

ಕ್ಯಾರವಾನಿನ ಕಿಟಕಿಯಿಂದ ಅವನ ಹೆಂಡತಿ ಇಣುಕಿದಳು. "ಇನ್ನೊಂಚೂರು ಮುಂದೆ ಹೋಗಮ್ಮ. ಊರು ಸಿಗುತ್ತೆ, ನಿಮ್ಮ ಲಾರಿಯೋರೂ ಇರ್ತಾರೆ."

ಡಾರ್ಸಿಯ ವಿಷಯ ಗ್ಲೆನಿಸಳ ನಾಲಿಗೆಯ ತುದಿಗೆ ಬಂದಿತ್ತು, ಎತ್ತಲಿಲ್ಲ.

"ನಾನು ನಿದ್ದೆ ಮಾಡ್ಬೇಕು. ನೀವು ಗಾಡಿ ತೆಗೆದ್ರೆ ನೆಟ್ಟಗೆ ನಿಲ್ಲಿಸ್ತೀನಿ. ಇಲ್ದಿದ್ರೆ ಅಡ್ಡ."

"ಅಡ್ಡ ನಿಲ್ಲಿಸಿದ್ರೆ ನಾವು ಆಚೆ ಹೋಗೋದು ಹೆಂಗೆ?"

"ನಾನು ಎದ್ದ ಮೇಲೆ."

ತಮಾಷೆಯೆಂದುಕೊಂಡು ಮುದುಕ ನಕ್ಕ. ಅವಳು ಹತ್ತಿ ಕೂತು, ಗಾಡಿಯನ್ನು ನಿಧಾನಕ್ಕೆ ಮುಂದಕ್ಕೆ ಬಿಟ್ಟು, ಮೂರೂ ಕ್ಯಾರವಾನುಗಳ ದಾರಿಗೆ ಗೋಡೆ ಎಬ್ಬಿಸಿದ ಹಾಗೆ ನಿಲ್ಲಿಸಿದಳು. ಎಂಜಿನ್ ಆರಿತು. ಬಾಗಿಲ ಮೇಲೆ ಮುದುಕನ ದಬದಬ ಬಡಿತ.

"ಏಯ್, ಪೊಲೀಸ್ನೋರಿಗೆ ಫೋನ್ ಮಾಡ್ತೀನಿ ನೋಡು."

"ಮಾಡಿ. ಬಂದು ಆ ಬೋರ್ಡು ಓದಿ ಹೇಳ್ತಾರೆ."

ಪರದೆ ಎಳೆದು, ಸೀಟಿನ ಹಿಂದಿನ ಹಾಸಿಗೆಯಲ್ಲಿ ಬಿದ್ದುಕೊಂಡಳು.

ಎಚ್ಚರವಾದಾಗ ಪರದೆಯ ಸಂದಿಯಿಂದ ನೋಡಿದಳು, ಬಿಸಿಲು ಓರೆಯಾಗಿತ್ತು. ಟ್ರೇಲರುಗಳ ನೆರಳು ಡಾಂಬರಿನ ಮೇಲೆ ಉದ್ದಕ್ಕೆ ಚಾಚಿತ್ತು. ಕ್ಯಾರವಾನಿನವರೆಲ್ಲ ಕುರ್ಚಿಗಳನ್ನು ಆ ನೆರಳಿಗೆ ಎಳೆದುಕೊಂಡು ಸಾಲಾಗಿ ಕೂತಿದ್ದರು. ಆಗಷ್ಟೇ ಬಂದ ಇನ್ನೊಂದು ಕ್ಯಾರವಾನಿನವನು ಹಾರ್ನ್ ಹೊಡೆಯಲಿದ್ದ. ಮುದುಕ ತುಟಿಯ ಮೇಲೆ ಬೆರಳಿಟ್ಟು, ಲಾರಿಯ ಪರದೆಯತ್ತ ಸನ್ನೆ ಮಾಡಿ, ಇಕ್ಕಳದಿಂದಲೇ ಪಕ್ಕದ ಜಲ್ಲಿಯ ಕಡೆಗೆ ದಾರಿ ತೋರಿಸುತ್ತಿದ್ದ.